ಮುಳುಗಿದರೆ ಯಾರ ದುಡ್ಡು? ಸ್ಟಾರ್ಟಪ್ ಬಂಡವಾಳದ ಹಿಂದಿನ ಕಥೆ

 

ಸ್ಟಾರ್ಟಪ್ ಸುದ್ದಿ ಅಂದ್ರೆ ನಮ್ಮ ಫೋನ್‌ಗೆ ಬರೋದು ಹೇಗಿರುತ್ತೆ? ಇಂಥ ಕಂಪನಿಗೆ ಇಷ್ಟು ಕೋಟಿ ಬಂತು, ಇಂಥ ಕಂಪನಿ ಯೂನಿಕಾರ್ನ್ ಆಯ್ತು. ಬಂದ ದುಡ್ಡಿನ ಲೆಕ್ಕ ಎಲ್ಲರಿಗೂ ಗೊತ್ತಾಗುತ್ತೆ. ಆದರೆ ಆ ಕಂಪನಿ ಮುಳುಗಿದರೆ ಹೋಗೋದು ಯಾರ ದುಡ್ಡು? ಶುರು ಮಾಡಿದ ಹುಡುಗೀದಾ? ಅವಳ ಅಪ್ಪನ ಮನೆಯಾ? ಬ್ಯಾಂಕಿನದಾ? ಸರ್ಕಾರದ್ದಾ? ಸ್ಟಾರ್ಟಪ್ ಬಂಡವಾಳದ ಇತಿಹಾಸವನ್ನು ನಾನು ಓದ್ತಾ ಹೋದ ಹಾಗೆ ನನಗೆ ಕಂಡಿದ್ದು ಇಷ್ಟೇ: ಈ ಒಂದು ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಕೊಟ್ಟ ಉತ್ತರಗಳೇ ಆ ಇತಿಹಾಸ. ಇವತ್ತು ಆ ಉತ್ತರಗಳನ್ನು ಒಂದೊಂದಾಗಿ ನೋಡೋಣ. ಬೆಂಗಳೂರಿಂದ ಶುರು ಮಾಡಿ, ಬಾಸ್ಟನ್ನಿಗೆ ಹೋಗಿ, ಇಸ್ರೇಲ್ ನೋಡಿಕೊಂಡು ಮತ್ತೆ ಇಲ್ಲಿಗೇ ಬರೋಣ.

ಒಂದು ಗ್ಯಾರೇಜು, 10,000 ರೂಪಾಯಿ

1978. ಕಿರಣ್ ಮಜುಂದಾರ್ ಅವರಿಗೆ ಆಗ 25 ವರ್ಷ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿ ಬಂದಿದ್ದರು. ಇಲ್ಲಿ ಬ್ರೂವರಿಗಳಲ್ಲಿ ಹೆಣ್ಣುಮಗಳಿಗೆ ಆ ಕೆಲಸ ಕೊಡೋರು ಸಿಗಲಿಲ್ಲ. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಅನ್ನೋ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಬಯೋಕಾನ್ ಇಂಡಿಯಾ ಶುರು ಮಾಡಿದರು. ಆಗಿನ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ವಿದೇಶಿ ಪಾಲುದಾರರಿಗೆ ಸಿಕ್ಕಿದ್ದು ಶೇ 30 ಪಾಲು ಮಾತ್ರ, ಮಿಕ್ಕ ಶೇ 70 ಇವರದು. ಬಾಡಿಗೆ ಮನೆಯ ಗ್ಯಾರೇಜೇ ಆಫೀಸು. ಕೈಯಲ್ಲಿದ್ದ ಬಂಡವಾಳ 10,000 ರೂಪಾಯಿ. ಮೊದಲ ಉತ್ಪನ್ನಗಳಲ್ಲಿ ಒಂದು ಪರಂಗಿ ಹಣ್ಣಿನಿಂದ ತೆಗೆಯುವ ಪಪೇಯ್ನ್ ಅನ್ನೋ ಕಿಣ್ವ.

ಸಾಲ ಕೇಳೋಕೆ ಹೋದಾಗ ಬ್ಯಾಂಕುಗಳು ಹಿಂಜರಿದವು. ಬಯೋಟೆಕ್ನಾಲಜಿ ಅನ್ನೋ ಪದವೇ ಹೊಸದು. ವಯಸ್ಸು ಚಿಕ್ಕದು. ಹೆಣ್ಣುಮಗಳು ಬೇರೆ. ಅಡಮಾನ ಇಡೋಕೆ ಆಸ್ತಿ ಇಲ್ಲ. ಕೊನೆಗೆ ಒಬ್ಬ ಬ್ಯಾಂಕ್ ಅಧಿಕಾರಿ ನಂಬಿ ಸಾಲ ಕೊಟ್ಟ ಮೇಲೆ ಕೆಲಸ ಮುಂದೆ ಹೋಯಿತು.

ಇಲ್ಲಿ ಬ್ಯಾಂಕಿನವರನ್ನು ಬೈದು ಮುಂದೆ ಹೋಗೋದು ಸುಲಭ. ಅವರಲ್ಲಿ ಹೆಣ್ಣುಮಗಳು ಅನ್ನೋ ಕಾರಣಕ್ಕೆ ಹಿಂಜರಿದವರಿಗೆ ಆ ಬೈಗುಳ ಸಲ್ಲಬೇಕಾದ್ದೇ. ಆದರೆ ಅಡಮಾನದ ವಿಷಯದಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಒಂದು ಲೆಕ್ಕ ಹಾಕಿ ನೋಡಿ.

ನಿಮ್ಮ ಬ್ಯಾಂಕು 10 ಹೊಸ ಕಂಪನಿಗಳಿಗೆ ತಲಾ 1 ಕೋಟಿ ರೂಪಾಯಿ ಸಾಲ ಕೊಡ್ತು ಅಂದ್ಕೊಳ್ಳಿ. ಬಡ್ಡಿ ಶೇ 12. ವರ್ಷದ ಕೊನೆಗೆ ಒಂದು ಕಂಪನಿ ಪೂರ್ತಿ ಮುಳುಗಿತು. ಹೋದದ್ದು 1 ಕೋಟಿ. ಉಳಿದ 9 ಕಂಪನಿಗಳಿಂದ ಬಂದ ಬಡ್ಡಿ 1 ಕೋಟಿ 8 ಲಕ್ಷ. ಸಮ ಸಮ. ಎರಡು ಕಂಪನಿ ಮುಳುಗಿದರೆ? ಹೋದದ್ದು 2 ಕೋಟಿ, ಬಂದ ಬಡ್ಡಿ 96 ಲಕ್ಷ. ಬ್ಯಾಂಕಿಗೆ 1 ಕೋಟಿ 4 ಲಕ್ಷ ಲುಕ್ಸಾನು. ಉಳಿದ 8 ಕಂಪನಿಗಳಲ್ಲಿ ಒಂದು ಮುಂದೆ ಜಗತ್ತನ್ನೇ ಗೆದ್ದರೂ ಬ್ಯಾಂಕಿಗೆ ಸಿಗೋದು ಅದೇ ಶೇ 12. ಗೆಲುವಿನಲ್ಲಿ ಪಾಲಿಲ್ಲ, ಸೋಲಿನಲ್ಲಿ ಪೂರ್ತಿ ಹೊರೆ. ಜೊತೆಗೆ ಆ ದುಡ್ಡು ಬ್ಯಾಂಕಿನದಲ್ಲ, ಠೇವಣಿ ಇಟ್ಟ ನಿಮ್ಮ ಅಜ್ಜಿಯದು, ನಿಮ್ಮ ಮೇಷ್ಟ್ರದು. ಹಾಗಾಗಿ ಬ್ಯಾಂಕು ಪಹಣಿ ಕೇಳುತ್ತೆ, ಮನೆ ಪತ್ರ ಕೇಳುತ್ತೆ, ಜಾಮೀನುದಾರರನ್ನು ಕೇಳುತ್ತೆ. ನಮ್ಮ ರಾಜ್ಯದ ಸಣ್ಣ ಉದ್ಯಮಗಳಿಗಾಗಿಯೇ 1959ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ, ಅಂದ್ರೆ ಕೆಎಸ್‌ಎಫ್‌ಸಿ ಕೂಡ ಮೂಲತಃ ಸಾಲ ಕೊಡೋ ಸಂಸ್ಥೆಯೇ.

ಹಳ್ಳಿ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಜಮೀನನ್ನು ಗೇಣಿಗೆ ಕೊಡೋದು ಬೇರೆ, ಪಾಲಿಗೆ ಕೊಡೋದು ಬೇರೆ. ಗೇಣಿ ಅಂದ್ರೆ ಮಳೆ ಬರಲಿ ಬಿಡಲಿ, ಒಪ್ಪಿದಷ್ಟು ಕೊಡಲೇಬೇಕು. ಪಾಲು ಅಂದ್ರೆ ಬೆಳೆ ಬಂದರೆ ಇಬ್ಬರಿಗೂ, ಬರದಿದ್ದರೆ ಇಬ್ಬರಿಗೂ ಇಲ್ಲ. ಬ್ಯಾಂಕ್ ಸಾಲ ಗೇಣಿ ಇದ್ದ ಹಾಗೆ. ಸ್ಟಾರ್ಟಪ್‌ಗೆ ಬೇಕಿದ್ದದ್ದು ಪಾಲಿಗೆ ಬರೋ ದುಡ್ಡು. ಅದು ಎಲ್ಲಿಂದ ಬಂತು ಅನ್ನೋದೇ ಮುಂದಿನ ಕಥೆ.

1940: ಮೈಸೂರು ಸರ್ಕಾರ ಪಾಲುದಾರ

ವಿಚಿತ್ರ ಅಂದ್ರೆ, ಬೆಂಗಳೂರಿಗೆ ಪಾಲಿನ ದುಡ್ಡು ಹೊಸದಾಗಿರಲಿಲ್ಲ. ಬಯೋಕಾನ್‌ಗಿಂತ 38 ವರ್ಷ ಹಿಂದಕ್ಕೆ ಹೋಗಿ. ಎರಡನೇ ಮಹಾಯುದ್ಧ ನಡೀತಿದೆ. ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿಗೆ ಭಾರತದಲ್ಲಿ ವಿಮಾನ ಕಟ್ಟಬೇಕು ಅನ್ನೋ ಹುಚ್ಚು. ಅಮೆರಿಕದ ವಿಲಿಯಂ ಪಾಲಿ ತಂತ್ರಜ್ಞಾನ ಮತ್ತು ಯಂತ್ರ ತರೋಕೆ ಒಪ್ಪಿದರು. ವಿಮಾನ ಕಟ್ಟಿ ಅನುಭವವೇ ಇಲ್ಲದ ದೇಶದಲ್ಲಿ ವಿಮಾನ ಕಾರ್ಖಾನೆ! ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅಪ್ಪಟ ಡೀಪ್‌ಟೆಕ್ ಸ್ಟಾರ್ಟಪ್ಪು.

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಮುಂದೆ ಬಂತು. ಜಾಗ ಕೊಟ್ಟಿದ್ದಷ್ಟೇ ಅಲ್ಲ, ಷೇರು ಬಂಡವಾಳ ಹಾಕಿ ಪಾಲುದಾರನೂ ಆಯಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. 1941ರಲ್ಲಿ ಭಾರತ ಸರ್ಕಾರವೂ ಮೂರನೇ ಒಂದು ಪಾಲು ತೆಗೆದುಕೊಂಡಿತು. 1942ರಲ್ಲಿ ಯುದ್ಧದ ಕಾರಣಕ್ಕೆ ವಾಲ್‌ಚಂದ್ ಮತ್ತಿತರರ ಪಾಲನ್ನು ಸರ್ಕಾರವೇ ಕೊಂಡುಕೊಂಡಿತು. ಮೈಸೂರು ಮಾತ್ರ ತನ್ನ ಪಾಲನ್ನು ಮಾರಲಿಲ್ಲ, ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. ಅದೇ ಇವತ್ತಿನ ಎಚ್‌ಎಎಲ್.

ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋಗುವಾಗ ನೋಡಿ, ಆ ಕಾಂಪೌಂಡಿನ ಒಳಗೆ ಒಂದು ಸರ್ಕಾರದ ಬಂಡವಾಳದ ಪ್ರಯೋಗ ಇದೆ. ಆ ಪ್ರಯೋಗದ ಉತ್ತರ ಹೀಗಿತ್ತು: ಮುಳುಗಿದರೆ ಸರ್ಕಾರದ ದುಡ್ಡೂ ಮುಳುಗಲಿ. ಒಳ್ಳೆಯದೇ. ಆದರೆ ಒಂದು ಸಂಸ್ಥಾನ ಎಷ್ಟು ಕಂಪನಿಗಳಿಗೆ ಹೀಗೆ ಪಾಲುದಾರ ಆಗೋಕೆ ಸಾಧ್ಯ? ವಿಮಾನ ಕಾರ್ಖಾನೆ, ಉಕ್ಕು, ಸಾಬೂನು, ಇಂಥ ದೊಡ್ಡ ಕೆಲಸಕ್ಕೆ ಸರಿ. ಗ್ಯಾರೇಜಿನಲ್ಲಿ ಪರಂಗಿ ಹಣ್ಣಿನ ಕಿಣ್ವ ತೆಗೆಯೋ ಹುಡುಗಿಯನ್ನು ದಿವಾನರು ಹುಡುಕಿಕೊಂಡು ಬರೋದಿಲ್ಲ. ಅಂಥವರನ್ನು ಹುಡುಕೋದೇ ಕೆಲಸವಾಗಿರೋ ಒಂದು ಸಂಸ್ಥೆ ಬೇಕು. ಅದು ಹುಟ್ಟಿದ್ದು ಅಮೆರಿಕದಲ್ಲಿ.

ಬಾಸ್ಟನ್, 1946

ಜಾರ್ಜ್ ಡೋರಿಯೊ ಫ್ರಾನ್ಸಿನಲ್ಲಿ ಹುಟ್ಟಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಮಾಡ್ತಿದ್ದ ಮೇಷ್ಟ್ರು. ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯಲ್ಲಿ ಜನರಲ್ ಆಗಿದ್ದವರು. ಯುದ್ಧ ಮುಗಿದಾಗ ವಿಶ್ವವಿದ್ಯಾಲಯಗಳ ಲ್ಯಾಬುಗಳಲ್ಲಿ ಹೊಸ ತಂತ್ರಜ್ಞಾನ ರಾಶಿ ಬಿದ್ದಿತ್ತು. ಅದನ್ನು ಕಂಪನಿ ಮಾಡೋಕೆ ದುಡ್ಡು ಕೊಡೋರು ಇರಲಿಲ್ಲ. ಶ್ರೀಮಂತ ಕುಟುಂಬಗಳು ತಮಗೆ ಗೊತ್ತಿರೋರಿಗೆ ಕೊಡ್ತಿದ್ದವು, ಅಷ್ಟೇ. ಡೋರಿಯೊ ಮತ್ತು ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಮುಂತಾದವರು ಸೇರಿ 1946ರಲ್ಲಿ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕಟ್ಟಿದರು. ಚಿಕ್ಕದಾಗಿ ಎಆರ್‌ಡಿ ಅನ್ನೋಣ. ತಮ್ಮ ಕುಟುಂಬದ ಆಸ್ತಿ ಹಾಕದೆ, ಬೇರೆ ಸಂಸ್ಥೆಗಳಿಂದ ಮತ್ತು ಜನರಿಂದ ದುಡ್ಡು ಸೇರಿಸಿ ಹೊಸ ಕಂಪನಿಗಳ ಪಾಲು ಕೊಳ್ಳೋದು ಇದರ ಕೆಲಸ.

1957ರಲ್ಲಿ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಅನ್ನೋ ಇಬ್ಬರು ಎಂಜಿನಿಯರುಗಳು ಎಆರ್‌ಡಿ ಬಾಗಿಲಿಗೆ ಬಂದರು. ಅವರಿಗೆ ಕಂಪ್ಯೂಟರ್ ಮಾಡಬೇಕಿತ್ತು. ಪ್ರಸ್ತಾವದಲ್ಲಿ ಕಂಪ್ಯೂಟರ್ ಅನ್ನೋ ಪದ ಬರೀಬೇಡಿ, ನಮ್ಮ ಮಂಡಳಿಯವರು ಹೆದರ್ತಾರೆ ಅನ್ನೋ ಸಲಹೆ ಸಿಕ್ಕಿತು. ಅದಕ್ಕೇ ಮೊದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಮಾಡಿ ಮಾರ್ತೀವಿ ಅಂತ ಬರೆದರು. ಎಆರ್‌ಡಿ 70,000 ಡಾಲರ್ ಕೊಟ್ಟು ಶೇ 70 ಪಾಲು ತೆಗೆದುಕೊಂಡಿತು. ಮೇನಾರ್ಡ್ ಅನ್ನೋ ಊರಿನ ಹಳೇ ಉಣ್ಣೆ ಗಿರಣಿಯಲ್ಲಿ ಕೆಲಸ ಶುರುವಾಯಿತು. ಅದೇ ಮುಂದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆಗಿ ಬೆಳೆಯಿತು. 1968ರ ಹೊತ್ತಿಗೆ ಎಆರ್‌ಡಿಯ ಆ 70,000 ಡಾಲರಿನ ಪಾಲು 35 ಕೋಟಿ ಡಾಲರ್ ಮೀರಿತ್ತು.

ಬ್ಯಾಂಕಿನ ಲೆಕ್ಕ ನೆನಪಿದೆಯಲ್ಲ? ಈಗ ಅದೇ 10 ಕಂಪನಿಗಳನ್ನು ಪಾಲಿನ ಲೆಕ್ಕದಲ್ಲಿ ನೋಡಿ. ತಲಾ 1 ಕೋಟಿ ಕೊಟ್ಟು ಶೇ 20 ಪಾಲು ತಗೊಂಡ್ರಿ. 9 ಕಂಪನಿ ಮುಳುಗಿ ಒಂದು ಮಾತ್ರ 100 ಕೋಟಿ ಬೆಲೆಗೆ ಏರಿದರೂ ನಿಮ್ಮ ಪಾಲು 20 ಕೋಟಿ. ಹಾಕಿದ್ದರ ಎರಡರಷ್ಟು. ಅಂದ್ರೆ ಸೋಲನ್ನು ತಡೆದುಕೊಳ್ಳೋ ಶಕ್ತಿ ಇರೋದು ಪಾಲಿನ ದುಡ್ಡಿಗೆ. ಅಡಮಾನ ಬೇಡ, ಅಪ್ಪನ ಸಹಿ ಬೇಡ.

ಆದರೆ ಬೆಲೆ ಇಲ್ಲದೆ ಏನೂ ಬರೋದಿಲ್ಲ. ಆ ಇಬ್ಬರು ಎಂಜಿನಿಯರುಗಳು ಮೊದಲ ದಿನವೇ ಕಂಪನಿಯ ಮುಕ್ಕಾಲು ಭಾಗದ ಹತ್ತಿರ ಕೊಟ್ಟುಬಿಟ್ಟಿದ್ದರು. ಸಾಲದ ಬಡ್ಡಿ ತಿಂಗಳಿಗೊಮ್ಮೆ ಕಣ್ಣಿಗೆ ಕಾಣುತ್ತೆ. ಪಾಲಿನ ಬೆಲೆ ಗೆದ್ದ ಮೇಲೆ ಮಾತ್ರ ಕಾಣುತ್ತೆ.

ದುಡ್ಡಿಲ್ಲದಿರೋದೇ ಅರ್ಹತೆ ಆದ ಕಾಲ

ಈಗ ಮತ್ತೆ ಬೆಂಗಳೂರಿಗೆ ಬರೋಣ. 1980ರ ದಶಕ. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಇನ್ಫೋಸಿಸ್ ಶುರು ಮಾಡಿದರು. ಅಲ್ಲೂ ಮೊದಲ ಬಂಡವಾಳ 10,000 ರೂಪಾಯಿ, ಸುಧಾ ಮೂರ್ತಿ ಅವರ ಉಳಿತಾಯದ ದುಡ್ಡು. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆಯಿತು. ಪ್ರತಿಭೆ ಇದೆ, ಕೆಲಸ ಇದೆ, ಆದರೆ ಮೊದಲ ದುಡ್ಡು ಇನ್ನೂ ಮನೆಯಿಂದಲೇ ಬರಬೇಕಿತ್ತು.

ಬದಲಾವಣೆ ಬಂದದ್ದು ಎರಡು ಮೂರು ಹೆಜ್ಜೆಗಳಲ್ಲಿ. 1986ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ತಂತು. ಹೊರಗಿನಿಂದ ತಂತ್ರಜ್ಞಾನ ಆಮದು ಮಾಡಿಕೊಳ್ಳೋರು ಕೊಡೋ ಹಣದ ಮೇಲೆ ಶೇ 5 ಸೆಸ್. ಆ ದುಡ್ಡಿನಿಂದ ನಮ್ಮಲ್ಲೇ ಹೊಸ ತಂತ್ರಜ್ಞಾನ ಮಾಡೋರಿಗೆ ಐಡಿಬಿಐ ಮೂಲಕ ನೆರವು. 1987ರಲ್ಲಿ ಎನ್. ವಾಘುಲ್ ಅವರ ನೇತೃತ್ವದ ಐಸಿಐಸಿಐ, ಬಯೋಕಾನ್‌ಗೆ 2.5 ಲಕ್ಷ ಡಾಲರಿನಷ್ಟು ಸಾಹಸ ಬಂಡವಾಳ ಒದಗಿಸಿತು. ಆ ದುಡ್ಡಿನಲ್ಲಿ ಕಂಪನಿ ತನ್ನದೇ ಸಂಶೋಧನೆಯನ್ನು ವಿಸ್ತರಿಸಿತು. 1978ರಲ್ಲಿ ಬ್ಯಾಂಕುಗಳ ಬಾಗಿಲಲ್ಲಿ ನಿಂತಿದ್ದವರಿಗೆ ಒಂಬತ್ತು ವರ್ಷದ ನಂತರ ಸೋಲಿನ ಹೊರೆ ಹಂಚಿಕೊಳ್ಳೋ ದುಡ್ಡು ಸಿಕ್ಕಿತು.

1988ರಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಸೇರಿ ಬೆಂಗಳೂರಲ್ಲಿ ಟಿಡಿಐಸಿಐ ಅನ್ನೋ ಕಂಪನಿ ಸ್ಥಾಪಿಸಿದವು. ಅದರ ಮೊದಲ ಮುಖ್ಯಸ್ಥ ಕಿರಣ್ ನಾಡಕರ್ಣಿ. ಮುಂಬೈ ದುಡ್ಡಿನ ಊರು, ಆದರೂ ಆಫೀಸು ಬೆಂಗಳೂರಲ್ಲಿ. ಯಾಕಂದ್ರೆ ದುಡ್ಡು ಬೇಕಾಗಿರೋ ಎಂಜಿನಿಯರುಗಳು ಇಲ್ಲಿದ್ದರು. ಮರುವರ್ಷ, ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಕೂಡ ತನ್ನದೇ ಸಾಹಸ ಬಂಡವಾಳ ನಿಧಿ ಶುರು ಮಾಡಿತು. ಸರ್ಕಾರಿ ಸ್ವಾಮ್ಯದ ಸಂಸ್ಥೆಗಳೇ ನಮ್ಮ ದೇಶದ ಮೊದಲ ವೆಂಚರ್ ಕ್ಯಾಪಿಟಲಿಸ್ಟರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

1988ರ ನವೆಂಬರ್‌ನಲ್ಲಿ ಹಣಕಾಸು ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಸಾಹಸ ಬಂಡವಾಳ ಯಾರಿಗೆ ಕೊಡಬೇಕು ಅಂತ ಅದರಲ್ಲಿ ಇತ್ತು. ತಂತ್ರಜ್ಞಾನ ಹೊಸದಾಗಿರಬೇಕು, ಯೋಜನೆ 10 ಕೋಟಿ ರೂಪಾಯಿ ಮೀರಬಾರದು, ಶುರು ಮಾಡೋರು ಹೊಸಬರಾಗಿರಬೇಕು, ಓದಿದವರಾಗಿರಬೇಕು, ಆದರೆ ಕೈಯಲ್ಲಿ ಸಾಕಷ್ಟು ಬಂಡವಾಳ ಇಲ್ಲದವರಾಗಿರಬೇಕು. ಈ ಕೊನೇ ಷರತ್ತನ್ನು ಇನ್ನೊಂದ್ಸಲ ಓದಿ. ಅಲ್ಲಿವರೆಗೆ ದುಡ್ಡಿಲ್ಲ ಅನ್ನೋದು ಸಾಲ ನಿರಾಕರಿಸೋಕೆ ಕಾರಣ ಆಗಿತ್ತು. ಈಗ ಅದೇ ಒಂದು ಅರ್ಹತೆ ಆಯಿತು. ಒಣ ಸರ್ಕಾರಿ ಕಾಗದದಲ್ಲಿ ಇಷ್ಟು ದೊಡ್ಡ ಮಾತು ಇತ್ತು ಅಂತ ನನಗೆ ಈಗಲೂ ಖುಷಿ ಆಗುತ್ತೆ.

ಆ ಕಾಲದ ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಅದರ ಹೆಸರು ಷರತ್ತಿನ ಸಾಲ. ದುಡ್ಡು ಕೊಡ್ತಾರೆ, ಆದರೆ ತಿಂಗಳ ಕಂತು ಇಲ್ಲ. ಸರಕು ಮಾರಾಟ ಆಗೋಕೆ ಶುರು ಆದ ಮೇಲೆ ಮಾರಾಟದಲ್ಲಿ ಇಂತಿಷ್ಟು ಭಾಗ ರಾಯಲ್ಟಿ ಕೊಡಬೇಕು. ಸಾಮಾನ್ಯವಾಗಿ ಶೇ 2ರಿಂದ 15ರ ಒಳಗೆ. ಮಾರಾಟವೇ ಆಗಲಿಲ್ಲ ಅಂದ್ರೆ ಕೊಟ್ಟವರೂ ಕಳ್ಕೊಳ್ತಾರೆ. ಗೇಣಿಗೂ ಪಾಲಿಗೂ ನಡುವಿನ ದಾರಿ ಇದು. ಕಂಪನಿಯ ಒಡೆತನ ನಿಮ್ಮ ಕೈಯಲ್ಲೇ ಉಳಿಯುತ್ತೆ, ಸೋಲಿನ ಹೊರೆ ಹಂಚಿಹೋಗುತ್ತೆ.

ಹಾಗಾದ್ರೆ ಎಲ್ಲ ಸರಿ ಹೋಯ್ತಾ? ಇಲ್ಲ. ಪಾಲು ಕೊಂಡವರು ಒಂದು ದಿನ ಅದನ್ನು ಮಾರಿ ಹೊರಗೆ ಬರಬೇಕಲ್ಲ? ಆಗ ಕಂಪನಿ ಷೇರುಗಳನ್ನು ಎಷ್ಟು ಬೆಲೆಗೆ ಜನರಿಗೆ ಮಾರಬೇಕು ಅಂತ ತೀರ್ಮಾನಿಸ್ತಿದ್ದದ್ದು ದೆಹಲಿಯ ಒಬ್ಬ ಅಧಿಕಾರಿ, ಬಂಡವಾಳ ವಿತರಣೆಯ ನಿಯಂತ್ರಕರು. 1992ರಲ್ಲಿ ಆ ಹುದ್ದೆ ಹೋಯಿತು. 1993ರಲ್ಲಿ ಇನ್ಫೋಸಿಸ್ ತಾನೇ ನಿಗದಿ ಮಾಡಿದ 95 ರೂಪಾಯಿಗೆ ಷೇರು ಬಿಟ್ಟಿತು. ತಮಾಷೆ ಅಂದ್ರೆ, ಆ ಷೇರುಗಳಿಗೆ ಸಾಕಷ್ಟು ಅರ್ಜಿಯೇ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಬಂದು ಶೇ 13 ಪಾಲು ಕೊಂಡ ಮೇಲೆ ದಡ ಸೇರಿತು. ಇದರಿಂದ ಒಂದು ಮಾತು ತಿಳಿಯುತ್ತೆ: ಸರ್ಕಾರ ಕೆಲವೊಮ್ಮೆ ಒಂದು ರೂಪಾಯಿ ಕೊಡದೆ, ಅಡ್ಡ ಇದ್ದ ಗೇಟು ತೆಗೆದರೂ ಅದು ಬಂಡವಾಳದಷ್ಟೇ ದೊಡ್ಡ ನೆರವು.

ಇಸ್ರೇಲಿನ ಎರಡು ಪ್ರಯೋಗ

ಸರಿಯಾಗಿ ಅದೇ ಹೊತ್ತಿಗೆ ಇಸ್ರೇಲಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಸೋವಿಯತ್ ಒಕ್ಕೂಟ ಕುಸಿದು ಅಲ್ಲಿಂದ ಲಕ್ಷಾಂತರ ಜನ ವಲಸೆ ಬಂದಿದ್ದರು. ಅವರಲ್ಲಿ ಎಂಜಿನಿಯರುಗಳು, ವಿಜ್ಞಾನಿಗಳು ಬಹಳ. ಕೆಲಸ ಬೇಕು, ಕಂಪನಿಗಳು ಬೇಕು, ಬಂಡವಾಳ ಬೇಕು.

1992ರ ಮೊದಲ ಪ್ರಯೋಗದ ಹೆಸರು ಇನ್ಬಾಲ್. ಸರ್ಕಾರ ಖಾಸಗಿ ನಿಧಿಗಳಿಗೆ ಹೇಳಿತು: ನೀವು ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕಿ, ಮುಳುಗಿದರೆ ನಿಮ್ಮ ಬಂಡವಾಳದ ಶೇ 70ರವರೆಗೆ ನಮ್ಮ ವಿಮಾ ಕಂಪನಿಯ ಗ್ಯಾರಂಟಿ. ಕೇಳೋಕೆ ಚೆನ್ನಾಗಿದೆ. ಆದರೆ ಇದು ಸೋತಿತು. ನನ್ನ ಓದಿನ ಪ್ರಕಾರ ಕಾರಣ ಸರಳ. ಸೋತರೂ ದುಡ್ಡು ವಾಪಸ್ ಬರುತ್ತೆ ಅಂದಾಗ ಒಳ್ಳೇ ಕಂಪನಿ ಹುಡುಕೋಕೆ, ಅದರ ಜೊತೆ ಬೆವರು ಸುರಿಸೋಕೆ ಯಾರಿಗೂ ಆತುರ ಇರೋದಿಲ್ಲ.

1993ರ ಎರಡನೇ ಪ್ರಯೋಗ ಯೋಜ್ಮಾ. ಹೀಬ್ರೂ ಭಾಷೆಯಲ್ಲಿ ಉಪಕ್ರಮ ಅಂತ ಅರ್ಥ. ಇದರ ಹಿಂದಿದ್ದವರು ಯಿಗಾಲ್ ಎರ್ಲಿಖ್ ಅನ್ನೋ ಅಧಿಕಾರಿ. ಒಟ್ಟು ದುಡ್ಡು 10 ಕೋಟಿ ಡಾಲರ್. ಅದರಲ್ಲಿ 10 ನಿಧಿಗಳನ್ನು ಕಟ್ಟಿದರು. ಸುಮಾರು 2 ಕೋಟಿ ಡಾಲರಿನ ಒಂದು ನಿಧಿಯಲ್ಲಿ ಸರ್ಕಾರದ್ದು 80 ಲಕ್ಷ ಡಾಲರ್, ಉಳಿದದ್ದು ಖಾಸಗಿಯವರದು. ಷರತ್ತು ಏನಂದ್ರೆ, ಒಬ್ಬ ಸ್ಥಳೀಯ ಪಾಲುದಾರ ಮತ್ತು ಈ ಕೆಲಸ ಗೊತ್ತಿರೋ ಒಬ್ಬ ವಿದೇಶಿ ಪಾಲುದಾರ ಇರಲೇಬೇಕು. ಮುಳುಗಿದರೆ? ಎಲ್ಲರ ದುಡ್ಡೂ ಒಟ್ಟಿಗೇ ಹೋಗುತ್ತೆ, ಗ್ಯಾರಂಟಿ ಇಲ್ಲ. ಗೆದ್ದರೆ? ಐದು ವರ್ಷದ ಒಳಗೆ ಸರ್ಕಾರದ ಪಾಲನ್ನು ಅಸಲು ಮತ್ತು ಬಡ್ಡಿ ಕೊಟ್ಟು ನೀವೇ ಕೊಂಡುಕೊಳ್ಳಿ, ಮೇಲಿನ ಲಾಭ ಎಲ್ಲ ನಿಮ್ಮದು.

10 ನಿಧಿಗಳಲ್ಲಿ 8 ಹಾಗೆ ಕೊಂಡುಕೊಂಡವು. 1997ರಲ್ಲಿ ಸರ್ಕಾರ ಯೋಜ್ಮಾವನ್ನೇ ಖಾಸಗಿಗೆ ಮಾರಿ ಹೊರಗೆ ಬಂತು. ದುಡ್ಡಿನ ಜೊತೆ ಬಂದ ವಿದೇಶಿ ಪಾಲುದಾರರಿಂದ ಅಲ್ಲಿನವರು ಈ ವ್ಯಾಪಾರದ ವಿದ್ಯೆಯನ್ನೂ ಕಲಿತರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನ್ಬಾಲ್ ಸೋಲಿನ ನೋವನ್ನು ತೆಗೆಯಿತು. ಯೋಜ್ಮಾ ಗೆಲುವಿನ ಸಿಹಿಯನ್ನು ಹೆಚ್ಚಿಸಿತು. ಸರ್ಕಾರ ಹೇಗೆ ದುಡ್ಡು ಹಾಕುತ್ತೆ ಅನ್ನೋದು, ಎಷ್ಟು ಹಾಕುತ್ತೆ ಅನ್ನೋದಕ್ಕಿಂತ ಮುಖ್ಯ ಅಂತ ನಾನು ನಂಬೋದು ಈ ಎರಡು ಪ್ರಯೋಗ ನೋಡಿಯೇ.

ಇವತ್ತು ನಮ್ಮ ಕೈಯಲ್ಲಿ ಏನಿದೆ?

2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಇಬ್ಬರೂ ಸೇರಿ ಹಾಕಿದ್ದು 4 ಲಕ್ಷ ರೂಪಾಯಿ, ಅದೂ ಸ್ವಂತದ್ದು. 2009ರಲ್ಲಿ ಆಕ್ಸೆಲ್‌ನಿಂದ 10 ಲಕ್ಷ ಡಾಲರ್ ಬಂತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77 ಪಾಲು ಕೊಂಡಿತು. ಆ ಹೊತ್ತಿಗೆ ದೊಡ್ಡ ಪಾಲುಗಳೆಲ್ಲ ವಿದೇಶಿ ನಿಧಿಗಳ ಕೈಯಲ್ಲಿದ್ದವು. ಅಪಾಯ ಹೊತ್ತವರಿಗೆ ಲಾಭ ಹೋಯಿತು, ಅದು ನ್ಯಾಯವೇ. ಆದರೆ ನಮ್ಮ ಊರಿನ ಕಂಪನಿ ಮೇಲೆ ನಮ್ಮ ದೇಶದ ದುಡ್ಡು ಯಾಕೆ ಅಷ್ಟು ಕಡಿಮೆ ಇತ್ತು ಅನ್ನೋ ಪ್ರಶ್ನೆ ಉಳಿಯಿತು.

2016ರ ಜನವರಿಯಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾದ ಕೆಳಗೆ 10,000 ಕೋಟಿ ರೂಪಾಯಿಯ ನಿಧಿಗಳ ನಿಧಿ ಬಂತು. ನಡೆಸೋದು ಸಿಡ್ಬಿ. ಇದು ನೇರ ಸ್ಟಾರ್ಟಪ್‌ಗೆ ದುಡ್ಡು ಕೊಡೋದಿಲ್ಲ. ಸೆಬಿಯಲ್ಲಿ ನೋಂದಣಿ ಆದ ನಿಧಿಗಳಿಗೆ ಕೊಡುತ್ತೆ, ಅವು ಪಡೆದಿದ್ದರ ಕನಿಷ್ಠ ಎರಡರಷ್ಟನ್ನು ಸ್ಟಾರ್ಟಪ್‌ಗಳಲ್ಲಿ ಹಾಕಬೇಕು. ಯೋಜ್ಮಾದ ಒಂದು ಎಳೆ ಇಲ್ಲಿ ಕಾಣುತ್ತೆ. ಇನ್ನೊಂದು ಕಡೆ ಅಡ್ಡಗೇಟುಗಳೂ ಇದ್ದವು. 2012ರಲ್ಲಿ ಬಂದ ಏಂಜೆಲ್ ಟ್ಯಾಕ್ಸ್, ಷೇರಿನ ನ್ಯಾಯಬೆಲೆಗಿಂತ ಜಾಸ್ತಿ ಬಂದ ಬಂಡವಾಳವನ್ನು ಆದಾಯ ಅಂತ ಎಣಿಸಿ ತೆರಿಗೆ ಕೇಳ್ತಿತ್ತು. 2024ರ ಬಜೆಟ್‌ನಲ್ಲಿ ಅದನ್ನು ತೆಗೆದರು.

ನಮ್ಮ ರಾಜ್ಯ 2015ರಲ್ಲಿ ತನ್ನದೇ ಸ್ಟಾರ್ಟಪ್ ನೀತಿ ತಂದಿತು. 2017ರಿಂದ ಎಲಿವೇಟ್ ಅನ್ನೋ ಯೋಜನೆ ಇದೆ. ಆಯ್ಕೆ ಆದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಸಾಲ ಅಲ್ಲ, ಪಾಲೂ ಕೇಳೋದಿಲ್ಲ. ಕೇಂದ್ರದ್ದು 2021ರ ಬೀಜ ನಿಧಿ ಯೋಜನೆ, 945 ಕೋಟಿ ರೂಪಾಯಿಯದು. ಇನ್‌ಕ್ಯುಬೇಟರ್‌ಗಳ ಮೂಲಕ, ಐಡಿಯಾ ಕೆಲಸ ಮಾಡುತ್ತೆ ಅಂತ ತೋರಿಸೋ ಹಂತಕ್ಕೆ 20 ಲಕ್ಷದವರೆಗೆ ಅನುದಾನ.

ಈ ಸಣ್ಣ ಅನುದಾನಗಳನ್ನೇ ನಾನು ದೊಡ್ಡ ವಿಷಯ ಅನ್ನೋದು ಯಾಕೆ ಗೊತ್ತಾ? ಇವತ್ತು ಕೇಳಿದ ಕಥೆಗಳನ್ನು ಒಮ್ಮೆ ತಿರುಗಿ ನೋಡಿ. ಬಯೋಕಾನ್ 10,000. ಇನ್ಫೋಸಿಸ್ 10,000. ಫ್ಲಿಪ್‌ಕಾರ್ಟ್ 4 ಲಕ್ಷ. ಮೊತ್ತ ದೊಡ್ಡದಲ್ಲ. ಆದರೆ ಎಲ್ಲ ಕಡೆ ಮೊದಲ ದುಡ್ಡು ಸ್ವಂತದ್ದು ಅಥವಾ ಮನೆಯದ್ದು. ಹೋದರೆ ಹೋಗಲಿ ಅಂತ ಎತ್ತಿ ಇಡೋಕೆ ಆಗೋ ಅಷ್ಟು ದುಡ್ಡು, ಒಂದೆರಡು ವರ್ಷ ಸಂಬಳ ಇಲ್ಲದೆ ಇರೋಕೆ ಆಗೋ ಅಷ್ಟು ಆಸರೆ. ವೆಂಚರ್ ಕ್ಯಾಪಿಟಲ್ ಬರೋದು ಅದರ ನಂತರ, ಏನೋ ಒಂದು ಮಾಡಿ ತೋರಿಸಿದ ಮೇಲೆ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಎಂಜಿನಿಯರಿಂಗ್ ಮುಗಿಸಿ, ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕಾದ ಹುಡುಗಿಗೆ ಆ ಮೊದಲ ಮೆಟ್ಟಿಲೇ ಇಲ್ಲ. ಅವಳ ಐಡಿಯಾ ಕೆಟ್ಟದು ಅಂತ ಯಾರೂ ಹೇಳಿಲ್ಲ. ಕೇಳೋ ಹಂತಕ್ಕೇ ಅದು ಬರಲಿಲ್ಲ. ಹಾಗಾಗಿ ಸರ್ಕಾರದ ಒಂದು ರೂಪಾಯಿ ಅತಿ ಹೆಚ್ಚು ಕೆಲಸ ಮಾಡೋದು ಈ ಮೊದಲ ಮೆಟ್ಟಿಲಲ್ಲಿ ಅನ್ನೋದು ನನ್ನ ವಾದ. ದೊಡ್ಡ ಕಂಪನಿಗೆ ದುಡ್ಡು ಹಾಕೋಕೆ ಜಗತ್ತಿನ ನಿಧಿಗಳೆಲ್ಲ ಸಾಲಾಗಿ ನಿಂತಿರ್ತವೆ. ಮೊದಲ ಸೋಲಿನ ಹೊರೆ ಹೊರೋರು ಕಡಿಮೆ.

ಸಹಿ ಹಾಕೋ ಮೊದಲು

ಮುಗಿಸೋ ಮುಂಚೆ ನಿಮ್ಮ ಕೆಲಸಕ್ಕೆ ಬರೋ ಮಾತು. ಯಾರೇ ದುಡ್ಡು ಕೊಡ್ತೀನಿ ಅಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಮುಳುಗಿದರೆ ಯಾರದು ಹೋಗುತ್ತೆ? ಸಾಲದ ಕಾಗದದಲ್ಲಿ ವೈಯಕ್ತಿಕ ಜಾಮೀನು ಅನ್ನೋ ಸಾಲು ಇದೆಯಾ ನೋಡಿ. ಇದ್ದರೆ ಕಂಪನಿ ಮುಚ್ಚಿದ ಮೇಲೂ ಸಾಲ ನಿಮ್ಮ ಬೆನ್ನು ಬಿಡೋದಿಲ್ಲ. ಇಲ್ಲೊಂದು ಗೊಂದಲ ಬಹಳ ಜನಕ್ಕಿದೆ. 2000ರಿಂದ ಸಣ್ಣ ಉದ್ಯಮಗಳಿಗೆ ಸರ್ಕಾರ ಮತ್ತು ಸಿಡ್ಬಿ ನಡೆಸೋ ಸಾಲ ಖಾತರಿ ಯೋಜನೆ ಇದೆ, ಅಡಮಾನ ಇಲ್ಲದೆ ಸಾಲ ಸಿಗೋಕೆ ಅನುಕೂಲ ಆಗುತ್ತೆ. ಒಳ್ಳೇ ಯೋಜನೆಯೇ. ಆದರೆ ಆ ಖಾತರಿ ಕಾಪಾಡೋದು ಬ್ಯಾಂಕನ್ನು. ನೀವು ಸಾಲ ತೀರಿಸಬೇಕಾದ್ದು ತೀರಿಸಲೇಬೇಕು.

ಎರಡು, ಗೆದ್ದರೆ ನನಗೆ ಎಷ್ಟು ಉಳಿಯುತ್ತೆ? ಮೊದಲ ಸುತ್ತಲ್ಲೇ ಜಾಸ್ತಿ ಪಾಲು ಕೊಟ್ಟರೆ ಮುಂದಿನ ಸುತ್ತುಗಳಿಗೆ ಕೊಡೋಕೆ ಏನೂ ಇರೋದಿಲ್ಲ.

ಮೂರು, ತೀರ್ಮಾನ ಯಾರದು? ಆಡಳಿತ ಮಂಡಳಿಯಲ್ಲಿ ಯಾರು ಕೂರ್ತಾರೆ, ಯಾವುದಕ್ಕೆ ಅವರ ಒಪ್ಪಿಗೆ ಬೇಕು ಅಂತ ಓದಿ. ಓದೋಕೆ ಒಬ್ಬ ವಕೀಲರಿಗೆ ಕೊಡೋ ಫೀಸು ದಂಡ ಅಲ್ಲ.

ನಾಲ್ಕು, ಕೊಟ್ಟವರಿಗೆ ದುಡ್ಡು ಯಾವಾಗ ವಾಪಸ್ ಬೇಕು? ಸಾಹಸ ಬಂಡವಾಳ ನಿಧಿಗಳಿಗೂ ಒಂದು ಅವಧಿ ಇರುತ್ತೆ, ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು. ಅಷ್ಟರಲ್ಲಿ ಅವರು ಮಾರಿ ಹೊರಗೆ ಹೋಗಬೇಕು. ನಿಧಾನವಾಗಿ, ಗಟ್ಟಿಯಾಗಿ ಬೆಳೆಯೋ ವ್ಯಾಪಾರ ನಿಮ್ಮದಾದ್ರೆ ಆ ದುಡ್ಡು ನಿಮಗೆ ಹೊಂದದೇ ಇರಬಹುದು. ಅಂಥ ಕಡೆ ಗ್ರಾಹಕರು ಕೊಡೋ ಮುಂಗಡಕ್ಕಿಂತ ಒಳ್ಳೇ ಬಂಡವಾಳ ಇಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಲಿ: ಮೊದಲು ಗ್ರಾಹಕರ ದುಡ್ಡು, ಆಮೇಲೆ ಅನುದಾನ, ಆಮೇಲೆ ಪಾಲಿನ ದುಡ್ಡು, ಮನೆ ಪತ್ರ ಕೇಳೋ ಸಾಲ ಕಟ್ಟಕಡೆಗೆ. ನಿಮ್ಮ ಐಡಿಯಾ ಸೋಲಬಹುದು, ಅದರಲ್ಲಿ ನಾಚಿಕೆ ಇಲ್ಲ. ಅದರ ಜೊತೆ ಅಪ್ಪ ಅಮ್ಮ ಇರೋ ಮನೆ ಹೋಗಬಾರದು. ಸಾಹಸ ಬಂಡವಾಳ ಅನ್ನೋ ಈ ಇಡೀ ವ್ಯವಸ್ಥೆಯನ್ನು ಮನುಷ್ಯರು ಕಟ್ಟಿದ್ದೇ ಅದಕ್ಕೆ.

ಇವತ್ತಿಗೆ ಇಷ್ಟು. ಐಡಿಯಾ ಇಟ್ಟುಕೊಂಡು ದುಡ್ಡಿಗೆ ಓಡಾಡ್ತಿರೋ ಗೆಳೆಯರು, ಗೆಳತಿಯರು ಇದ್ದರೆ ಈ ಎಪಿಸೋಡ್ ಅವರಿಗೂ ಕಳಿಸಿ.